ಓದಿ ಹೇಳ್ರಿ, ಆಮ್ಯಾಲ ಸಹಿ

ಕಾಕಾ ಪೆನ್ನು ತಗೊಳ್ಳಲಿಲ್ಲ. ಗುಮಾಸ್ತ ಮುಂದೆ ಚಾಚಿದ ಪೆನ್ನು ನೋಡಿದ, ಮೇಜಿನ ಮೇಲಿದ್ದ ನೀಲಿ ರಟ್ಟಿನ ಪುಸ್ತಕ ನೋಡಿದ, "ಇದರಾಗ ಏನೈತಿ ಓದಿ ಹೇಳ್ರಿ, ಆಮ್ಯಾಲ ಸಹಿ ಹಾಕ್ತೀನಿ" ಅಂದ. ನಮ್ಮ ಹಿಂದೆ ಸಾಲು ವರಾಂಡ ದಾಟಿ ಮೆಟ್ಟಿಲ ತನಕ ನಿಂತಿತ್ತು. ಅದು 2010ರ ಜೂನ್, ಬೆಂಗಳೂರಿನ ಒಂದು ದೊಡ್ಡ ಕ್ರೈಸ್ತ ಕಾಲೇಜಿನ ಪ್ರವೇಶದ ಕೋಣೆ. ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ಮುಂದೆ ಬರುವ ಮಾತಿನಲ್ಲಿ ಅವರ ತಪ್ಪೂ ಇದೆ, ಅವರ ದೊಡ್ಡತನವೂ ಇದೆ. ಎರಡನ್ನೂ ಇದ್ದ ಹಾಗೆ ಹೇಳಬೇಕೆಂದರೆ ಹೆಸರು ಬದಿಗಿಡುವುದೇ ವಾಸಿ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಯಲಬುರ್ಗಾ ತಾಲೂಕಿನ ಎರೆಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವವ. ಕೊಪ್ಪಳದ ಗವಿಮಠದ ಪ್ರಸಾದ ನಿಲಯದಲ್ಲಿದ್ದು ಏಳನೆಯ ತನಕ ಓದಿದ್ದ. ಆಗ ಪೀಠದಲ್ಲಿದ್ದವರು ಮರಿಶಾಂತವೀರ ಸ್ವಾಮಿಗಳು. ಕನ್ನಡ ಚೆನ್ನಾಗಿ ಓದುತ್ತಿದ್ದ, ಇಂಗ್ಲಿಷ್ ಬರುತ್ತಿರಲಿಲ್ಲ. ಅವನ ಮಗಳು, ನನಗೆ ತಂಗಿ, ಗಂಗಾವತಿಯ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಮುಗಿಸಿದ್ದಳು. ತುಂಗಭದ್ರೆಯ ಎಡದಂಡೆ ಕಾಲುವೆಯ ಆ ಊರಿನಲ್ಲಿ, ಅಕ್ಕಿ ಗಿರಣಿಗಳ ಸದ್ದಿನ ನಡುವೆ ಕೂತು ಓದಿ ಗಣಿತ, ಭೌತಶಾಸ್ತ್ರದಲ್ಲಿ ಎಲ್ಲರ ಹುಬ್ಬೇರುವಷ್ಟು ಅಂಕ ತೆಗೆದಿದ್ದಳು. ನಾನು ಕುಷ್ಟಗಿಯಲ್ಲಿ ಮಾಸ್ತರ. ಇಂಗ್ಲಿಷ್ ಬರುತ್ತದೆ ಅಂತ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು.

ಆಗ ಕುಷ್ಟಗಿಗೆ ರೈಲು ಇರಲಿಲ್ಲ. ತಳಕಲ್ಲಿನಿಂದ ಹಳಿ ಹಾಕಿ ಕುಷ್ಟಗಿ ತನಕ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ನಾವು ಹೊಸಪೇಟೆ, ಚಿತ್ರದುರ್ಗದ ಮೇಲೆ ರಾತ್ರಿ ಬಸ್ಸಿನಲ್ಲಿ ಹೋದೆವು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ತಂಗಿ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ.

ಊರಲ್ಲಿ ಜನ ಆಡಿಕೊಂಡಿದ್ದರು. "ಕ್ರಿಶ್ಚನ್ನರ ಕಾಲೇಜಿಗೆ ಹಾಕಾಕ ಹೊಂಟೀಯಲ್ಲೋ, ಹುಡುಗೀನ್ನ ಕೆಡಸ್ತಾರ" ಅಂದವರಿದ್ದರು. ಕಾಕಾ ಅವರಿಗೆ ಒಂದೇ ಉತ್ತರ ಕೊಟ್ಟಿದ್ದ: "ನಮ್ಮವ್ವ ನನ್ನ ಹಡದದ್ದು ಬೆಟಗೇರಿ ಜರ್ಮನ್ ದವಾಖಾನ್ಯಾಗ. ಕೆಡಸೋದಿದ್ರ ಅವತ್ತ ಕೆಡಸ್ತಿದ್ರು." ನಮ್ಮ ಸೀಮೆಗೆ ಕ್ರೈಸ್ತರು ಹೊಸಬರಲ್ಲ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಸಿದರು. ಅದಕ್ಕೂ ಬಹಳ ಹಿಂದೆ, ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೇ, ಕುಷ್ಟಗಿಯಿಂದ ಕೂಗಳತೆಯಲ್ಲದಿದ್ದರೂ ಅರ್ಧ ದಿನದ ದಾರಿಯ ಮುದಗಲ್ಲಿನಲ್ಲಿ ಕನ್ನಡ ಮಾತಾಡುವ ಕ್ಯಾಥೊಲಿಕ್ಕರಿದ್ದಾರೆ. ಮೊಹರಂ ನೋಡಲು ಮುದಗಲ್ಲಿಗೆ ಹೋದವರು ಅವರ ಚರ್ಚನ್ನೂ ನೋಡಿ ಬರುತ್ತಾರೆ. ಹಾಗಾಗಿ ಧರ್ಮದ ಅಂಜಿಕೆ ಕಾಕಾನಿಗೆ ಇರಲಿಲ್ಲ. ಓದದೆ ಸಹಿ ಹಾಕುವ ಅಂಜಿಕೆ ಇತ್ತು. ಹಿಂದೆ ಒಮ್ಮೆ ಸಾಲದ ಕಾಗದಕ್ಕೆ ಅವನಪ್ಪ ಹಾಗೆ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಕಳೆದುಕೊಂಡಿದ್ದ.

"ಕಾಕಾ, ಎಲ್ಲಾರೂ ಹಾಕ್ತಾರ, ಹಾಕಿಬಿಡು. ರೂಮಿಗೆ ಹೋಗಿ ನಾ ಎಲ್ಲಾ ಓದಿ ಹೇಳ್ತೀನಿ" ಅಂದೆ. "ಹಾಕಿದ ಮ್ಯಾಲ ಓದಿ ಏನ ಮಾಡ್ಲಿ ತಮ್ಮಾ?" ಅಂದ. ಗುಮಾಸ್ತನಿಗೆ ಬೇಸರವಾಯಿತು. ಸಾಲಿನಲ್ಲಿದ್ದ ಒಬ್ಬರು ಗೊಣಗಿದರು. ಅಷ್ಟರಲ್ಲಿ ಒಳಗಿನಿಂದ ಬಿಳಿ ನಿಲುವಂಗಿಯ ಪಾದ್ರಿಯೊಬ್ಬರು ಬಂದು ಏನು ವಿಷಯ ಎಂದು ಕೇಳಿದರು. ಕೇಳಿದ ಮೇಲೆ ಸಿಟ್ಟಾಗಲಿಲ್ಲ. "ಸರಿಯಾಗಿಯೇ ಕೇಳಿದ್ದೀರಿ ಯಜಮಾನರೇ, ಬನ್ನಿ" ಎಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಮಾತಾಡುವವರು. ವಯಸ್ಸಿನಲ್ಲಿ ಕಾಕಾನಿಗಿಂತ ಚಿಕ್ಕವರು. ಆದರೂ ಕಾಕಾ ಅವರನ್ನು, ಗವಿಮಠದ ಸ್ವಾಮಿಗಳನ್ನು ನಮ್ಮೂರಿನವರು ಕರೆಯುವ ಹಾಗೆ, ಕೊನೆಯ ತನಕ "ಅಜ್ಜಾರ" ಎಂದೇ ಕರೆದ.

ಆ ನೀಲಿ ಪುಸ್ತಕ ಕಾಲೇಜಿನ ನಿಯಮಗಳ ಕೈಪಿಡಿ. ಫಾದರ್ ಅದರ ಒಂದೊಂದೇ ಕಲಮು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಹಾಜರಾತಿ ಮೊದಲು ಬಂತು. ಪರೀಕ್ಷೆಗೆ ಕೂರಲು ವಿಶ್ವವಿದ್ಯಾಲಯ ಕೇಳುವುದು ಶೇ. 75; ಇವರು ಅದಕ್ಕಿಂತ ಹೆಚ್ಚು ಕೇಳುತ್ತಿದ್ದರು. ಕಾಕಾ ಖುಷಿಯಾದ. ಕೊರಳಿಗೆ ಗುರುತಿನ ಚೀಟಿ, ಮೈತುಂಬ ಬಟ್ಟೆ, ಪಾಠದ ಹೊತ್ತಿನಲ್ಲಿ ಮೊಬೈಲ್ ಇಲ್ಲ, ತಟ್ಟೆಯಲ್ಲಿ ಅನ್ನ ಬಿಡುವಂತಿಲ್ಲ, ಕುಡಿತ, ಬೀಡಿ, ಸಿಗರೇಟು ಆವರಣದೊಳಗೂ ಹೊರಗೂ ಇಲ್ಲ. ಅನ್ನದ ಕಲಮು ಬಂದಾಗ ಕಾಕಾ ಮಗಳ ಕಡೆ ತಿರುಗಿ, "ನೋಡವಾ, ನಮ್ಮ ನಿಲಯದಾಗೂ ಹಿಂಗ ಇತ್ತು. ಎಲಿ ಮ್ಯಾಲ ಒಂದಗುಳ ಬಿಟ್ರೂ ಎಬ್ಬಸ್ತಿರಲಿಲ್ಲ" ಅಂದ. ಬಟ್ಟೆಯ ಕಲಮಿನಲ್ಲಿ ಆಭರಣ ಬೇಡ ಎಂಬ ಮಾತಿತ್ತು. "ಕೊಳ್ಳಾಗ ಲಿಂಗ ಐತಲ್ರಿ ಅಜ್ಜಾರ, ಅದು?" ಎಂದು ಕೇಳಿದ. ಫಾದರ್ ತಮ್ಮ ಎದೆಯ ಮೇಲಿನ ಶಿಲುಬೆ ಮುಟ್ಟಿ ತೋರಿಸಿ, "ಇದು ಇರುವಾಗ ಅದನ್ನು ತೆಗೆಯಿರಿ ಅಂತ ನಾನು ಹೇಗೆ ಹೇಳಲಿ" ಎಂದರು.

"ಐತವಾರ ನಿಮ್ಮ ಪೂಜಿಗೆ ಬರಬೇಕೇನ್ರಿ ಈಕಿ?"

ಕಡ್ಡಾಯವಿಲ್ಲ ಎಂದರು. ಕ್ಯಾಥೊಲಿಕ್ ಮಕ್ಕಳಿಗೆ ಅವರ ಧರ್ಮಬೋಧೆ, ಉಳಿದವರಿಗೆ ಮೌಲ್ಯ ಶಿಕ್ಷಣದ ತರಗತಿ. ಬೆಳಗಿನ ಪ್ರಾರ್ಥನೆಯಲ್ಲಿ ಸುಮ್ಮನೆ ನಿಂತರೂ ಸಾಕು. ಆ ಉತ್ತರ ಅವರ ಒಳ್ಳೆಯತನದ್ದು ಎಂದು ನಾನು ಅಂದುಕೊಂಡಿದ್ದೆ. ಆಮೇಲೆ ಸಂವಿಧಾನ ತೆಗೆದು ನೋಡಿದಾಗ ಅದರಲ್ಲಿ ಕಾನೂನೂ ಇದೆ ಎಂದು ಗೊತ್ತಾಯಿತು. 28ನೆಯ ವಿಧಿಯ ಮೂರನೆಯ ಉಪವಿಧಿ ಹೇಳುವುದು ಅದನ್ನೇ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧರ್ಮಬೋಧೆಗೆ, ಪೂಜೆಗೆ ಕೂರಿಸುವಂತಿಲ್ಲ, ಮಗು ಅಪ್ರಾಪ್ತವಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ತಂಗಿಗೆ ಆಗ ಹದಿನೇಳು. ಅಂದರೆ ಕೇಳಬೇಕಾದವನೇ ಕೇಳಿದ್ದ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆಯನ್ನು ಕಟ್ಟಿ ತಾವೇ ನಡೆಸುವ ಹಕ್ಕು ಕೊಡುತ್ತದೆ, ಇಂಥ ಕೈಪಿಡಿಗಳ ಬೇರು ಅಲ್ಲಿದೆ. ಆದರೆ ಆ ಹಕ್ಕಿಗೂ ಮಿತಿ ಇದೆ ಎಂದು ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿದೆ.

ಹಾಸ್ಟೆಲಿನ ಪುಟಗಳು ಬಂದವು. ಸಂಜೆ ಗೇಟು ಮುಚ್ಚುವ ಹೊತ್ತು, ಹೊರಗೆ ಹೋಗುವಾಗ ದಫ್ತರದಲ್ಲಿ ಸಹಿ, ಕರೆದುಕೊಂಡು ಹೋಗಲು ಬರುವವರ ಫೋಟೊ, ಹೊರಗೆ ನೌಕರಿ ಮಾಡುವಂತಿಲ್ಲ. ಅಲ್ಲಿಯ ತನಕ ಬಾಯಿ ತೆರೆಯದ ತಂಗಿ ಕೇಳಿದಳು: "ಹುಡುಗರ ಹಾಸ್ಟೆಲ್ ಗೇಟ್ ಎಷ್ಟಕ್ಕ ಮುಚ್ಚತೈತ್ರಿ ಫಾದರ್?"

ಹುಡುಗರದು ತಡವಾಗಿ ಮುಚ್ಚುತ್ತಿತ್ತು. ಫಾದರ್ ಅದನ್ನು ಮುಚ್ಚಿಡಲಿಲ್ಲ. ಹೆಣ್ಣುಮಕ್ಕಳ ತಂದೆತಾಯಿಗಳೇ ಹೀಗೆ ಬೇಕೆನ್ನುತ್ತಾರೆ ಎಂದರು. ಕಾಕಾ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ. ಅದು ಉತ್ತರವಾಗಿರಲಿಲ್ಲ. ದೆಹಲಿಯ ವಿದ್ಯಾರ್ಥಿನಿಯರು 2015ರಲ್ಲಿ 'ಪಿಂಜರಾ ತೋಡ್' (ಪಂಜರ ಮುರಿ) ಎಂದು ಬೀದಿಗಿಳಿದು ಹಾಸ್ಟೆಲಿನ ಗೇಟಿನ ಹೊತ್ತನ್ನೇ ಪ್ರಶ್ನಿಸಿದಾಗ, ಯಲಬುರ್ಗಾದ ಹುಡುಗಿಯೊಬ್ಬಳು ಅದನ್ನು ಮೊದಲೇ ಮೆಲುದನಿಯಲ್ಲಿ ಕೇಳಿದ್ದಳಲ್ಲ ಎಂದು ನನಗೆ ಹೆಮ್ಮೆಯಾಯಿತು.

ಕೊನೆಗೆ ಶಿಕ್ಷೆಯ ಪುಟ. ರ್‍ಯಾಗಿಂಗ್ ಬಗ್ಗೆ ಮಕ್ಕಳೂ ಪೋಷಕರೂ ಬೇರೆ ಬೇರೆ ಪ್ರಮಾಣಪತ್ರ ಬರೆದುಕೊಡಬೇಕಿತ್ತು. 2009ರ ಮಾರ್ಚಿನಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಚ್ರೂ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಸತ್ತ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆ ವರ್ಷವೇ ತಂದ ನಿಯಮ ಅದು. ಫಾದರ್ ಆ ಹುಡುಗನ ಕತೆ ಹೇಳಿದರು. ಕಾಕಾ ಕಣ್ಣು ಒರೆಸಿಕೊಂಡು, "ಇದಕ್ಕ ಮೊದಲು ಸಹಿ ಮಾಡ್ತೀನಿ, ಕೊಡ್ರಿ" ಎಂದು ಆ ಕಾಗದಕ್ಕೆ ಅಲ್ಲೇ ಸಹಿ ಮಾಡಿದ.

ಅದರ ಮುಂದಿನ ಕಲಮಿನಲ್ಲಿ ಗಾಡಿ ನಿಂತಿತು. ಶಿಸ್ತು ಮುರಿದ ವಿದ್ಯಾರ್ಥಿಯನ್ನು ಆಡಳಿತ ಮಂಡಳಿ ಕಾರಣ ತಿಳಿಸದೆಯೇ ತೆಗೆದುಹಾಕಬಹುದು, ಅದೇ ಅಂತಿಮ ತೀರ್ಮಾನ ಎಂದಿತ್ತು. ಕಾಕಾ ಇನ್ನೊಮ್ಮೆ ಹೇಳಿಸಿದ.

"ಕಾರಣ ಹೇಳದನ?"

"ಹಾಗೆ ಬರೆದಿದೆ."

"ಅಜ್ಜಾರ, ಕಾರಣ ಇಲ್ದ ನಾವು ಎತ್ತಿನ ಮ್ಯಾಲೂ ಬಾರಕೋಲು ಎತ್ತಂಗಿಲ್ಲ. ಇದಕ್ಕ ಹೆಂಗ ಸಹಿ ಹಾಕ್ಲಿ?"

ಆಮೇಲೆ ಅವನು ಹೇಳಿದ್ದು ನನಗೂ ಹೊಸದು. ನಿಲಯದಲ್ಲಿದ್ದಾಗ ಒಂದು ರಾತ್ರಿ ಗೋಡೆ ಹಾರಿ ಸಿನಿಮಾಕ್ಕೆ ಹೋಗಿದ್ದನಂತೆ. ಸಿಕ್ಕಿಬಿದ್ದ. ನಿಲಯದ ಮಾಸ್ತರರು ಮೊದಲು ಉಣ್ಣಲು ಕೂರಿಸಿದರು. ಉಂಡ ಮೇಲೆ ಯಾಕೆ ಹೋದೆ, ಯಾರು ಕರೆದುಕೊಂಡು ಹೋದರು, ದುಡ್ಡು ಎಲ್ಲಿಯದು ಎಂದು ಎಲ್ಲ ಕೇಳಿದರು. ಅದಾದ ಮೇಲೆ ಒಂದು ತಿಂಗಳು ದಾಸೋಹದ ಪಾತ್ರೆ ತೊಳೆಯಲು ಹಚ್ಚಿದರು. "ಶಿಕ್ಷಾ ಬ್ಯಾಡ ಅನ್ನಂಗಿಲ್ಲ ನಾನು. ಕೇಳಿ ಕೊಡ್ರಿ. ಈ ಪುಸ್ತಕದಾಗ ನನ್ನ ಮಗಳು ಏನೇನು ಮಾಡಬೇಕು ಅನ್ನೋದು ಐತಿ, ನಾ ಏನ ಮಾಡಬೇಕು ಅನ್ನೋದೂ ಐತಿ. ನೀವು ಏನ ಮಾಡ್ತೀರಿ ಅನ್ನೋದು ಯಾವ ಪುಟದಾಗೈತಿ ತೋರಸ್ರಿ."

ಫಾದರ್ ಪುಟ ತಿರುವಿದರು. ನಿಜವಾಗಿಯೂ ಹುಡುಕಿದರು. ಧ್ಯೇಯ, ಉದ್ದೇಶ ಎಂದೆಲ್ಲ ಒಳ್ಳೆಯ ಮಾತುಗಳಿದ್ದವು. ಕಾಕಾ ಕೇಳಿದ್ದು ಇರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ, "ಅಚ್ಚಾದ ಸಾಲನ್ನು ಹೊಡೆದುಹಾಕುವ ಅಧಿಕಾರ ನನಗಿಲ್ಲ. ನನ್ನ ಕೈಲಾದದ್ದು ಮಾಡುತ್ತೇನೆ" ಎಂದು ಒಂದು ಬಿಳಿ ಹಾಳೆ ತೆಗೆದುಕೊಂಡರು. ಈ ವಿದ್ಯಾರ್ಥಿನಿಯ ಮೇಲೆ ಯಾವುದೇ ಕ್ರಮಕ್ಕೆ ಮೊದಲು ಆಕೆಯ ಮಾತು ಕೇಳಲಾಗುವುದು, ತಂದೆಗೆ ತಿಳಿಸಿ ಊರಿನಿಂದ ಬರಲು ಸಮಯ ಕೊಡಲಾಗುವುದು ಎಂದು ಕನ್ನಡದಲ್ಲಿ ಬರೆದು, ಸಹಿ ಮಾಡಿ, ಕಾಲೇಜಿನ ಮುದ್ರೆ ಒತ್ತಿಸಿ ತಂಗಿಯ ಕಡತಕ್ಕೆ ಪಿನ್ನು ಹಾಕಿದರು. ಅದರ ನಕಲು ನಮಗೆ ಕೊಟ್ಟರು. ಆಗ ಕಾಕಾ ಪೆನ್ನು ತಗೊಂಡ.

ಒಂದೂವರೆ ವರ್ಷ ಏನೂ ಆಗಲಿಲ್ಲ. ತಂಗಿ ಓದಿದಳು, ಇಂಗ್ಲಿಷ್ ಕಲಿತಳು, ರಜೆಗೆ ಬಂದಾಗ ನಮ್ಮ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟಳು.

2012ರ ಜನವರಿ, ಗವಿಮಠದ ಜಾತ್ರೆ ಮುಗಿದಿತ್ತು. ಚಿಗವ್ವ ಓಣಿಯ ಹೆಂಗಸರ ಜೊತೆ ಸೇರಿ ಮಹಾದಾಸೋಹಕ್ಕೆ ಬಡಿದು ಕಳಿಸಿದ ರೊಟ್ಟಿಯ ಆಯಾಸ ಇನ್ನೂ ಆರಿರಲಿಲ್ಲ. ಆಗ ಕಾಲೇಜಿನಿಂದ ಕಾಕಾನಿಗೆ ಫೋನು ಬಂತು: ಮಗಳ ಮೇಲೆ ಶಿಸ್ತಿನ ವಿಚಾರಣೆ ಇದೆ, ಬರಬೇಕು. ಆ ಫಾದರ್ ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಹೊಸಬರು ಕಡತ ತೆಗೆದಾಗ ಆ ಕೈಬರಹದ ಹಾಳೆ ಸಿಕ್ಕಿ, ಅದರ ಪ್ರಕಾರ ಕರೆ ಮಾಡಿದ್ದರು. ಮತ್ತೆ ಅದೇ ರಾತ್ರಿ ಬಸ್ಸು. ದಾರಿಯುದ್ದಕ್ಕೂ ಕಾಕಾ ಮಾತಾಡಲಿಲ್ಲ.

ನಡೆದದ್ದು ಇಷ್ಟು. ತಂಗಿಯ ಕೋಣೆಯಲ್ಲಿ ಮಣಿಪುರದ ಗುಡ್ಡಗಾಡಿನ ಹುಡುಗಿಯೊಬ್ಬಳಿದ್ದಳು. ಅವಳು ಕೆಲವು ವಾರಗಳಿಂದ ಸಂಜೆ ಹೊರಗೆ ಹೋಗಿ ಗೇಟು ಮುಚ್ಚಿದ ಮೇಲೆ ಹಿಂದಿನಿಂದ ಬರುತ್ತಿದ್ದಳು. ವಾಪಸು ಬಂದಿದ್ದಾಳೆಂದು ದಫ್ತರದಲ್ಲಿ ಅವಳ ಹೆಸರಿನ ಮುಂದೆ ಸಹಿ ಹಾಕುತ್ತಿದ್ದವಳು ನಮ್ಮ ತಂಗಿ.

ಉದ್ದನೆಯ ಮೇಜು, ಆಚೆ ಪ್ರಾಂಶುಪಾಲರು, ವಾರ್ಡನ್ ಸಿಸ್ಟರ್, ಒಂದಿಬ್ಬರು ಅಧ್ಯಾಪಕರು. ತಂಗಿ ಅಳಲಿಲ್ಲ. "ಹೌದು, ನಾನೇ ಹಾಕಿದ್ದು" ಅಂದಳು. ಕಾಕಾ ಒಂದು ಮಾತೂ ಅವಳ ಪರವಾಗಿ ಆಡಲಿಲ್ಲ. ಬದಲಿಗೆ, "ಸುಳ್ಳು ಸಹಿ ಹಾಕ್ಯಾಳ. ಶಿಕ್ಷಾ ಆಗಬೇಕು. ನಾ ಓದಿ ಕೇಳಿ ಸಹಿ ಮಾಡಿದ ಪುಸ್ತಕ ಅದು, ಗೊತ್ತಿಲ್ಲ ಅನ್ನಂಗಿಲ್ಲ" ಅಂದ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಅವಳನ್ನು ಎರಡು ವಾರ ಕಾಲೇಜಿನಿಂದ ಹೊರಗಿಡುವುದು, ವರ್ಷದ ಕೊನೆಯ ತನಕ ಹೊರಗೆ ಹೋಗುವ ಅನುಮತಿ ಇಲ್ಲ ಎಂದು ತೀರ್ಮಾನ ಮಾಡಿದರು. ಕಾಕಾ ತಲೆಯಾಡಿಸಿದ. ನಾವು ಏಳಬೇಕು, ಅವನು ಏಳಲಿಲ್ಲ.

"ಆ ಇನ್ನೊಂದು ಕೂಸಿನ ಅಪ್ಪ ಬಂದಾನೇನ್ರಿ?"

ಆ ಹುಡುಗಿಯದು ತೀರ್ಮಾನ ಆಗಿಹೋಗಿದೆ ಎಂದರು. ವರ್ಗಾವಣೆ ಪತ್ರ ಸಿದ್ಧವಾಗಿದೆ, ಗುವಾಹಟಿಯ ರೈಲಿಗೆ ಟಿಕೆಟು ಆಗಿದೆ. ಕಲಮು ಇದೆಯಲ್ಲ, ಅದರ ಪ್ರಕಾರ.

"ಆಕಿನ್ನ ಏನರ ಕೇಳಿದ್ರೇನು?"

ಉತ್ತರ ಬರಲಿಲ್ಲ. ನಾನು ಆಗ ಕಾಕಾನ ತೋಳು ಹಿಡಿದು ಎಬ್ಬಿಸಲು ನೋಡಿದೆ. ಅವನು ಕೈ ಬಿಡಿಸಿಕೊಂಡು ಹೇಳಿದ: "ನನ್ನ ಮಗಳ ಕಾಗದದಾಗ ಒಂದು ಹಾಳಿ ಐತಿ, ಅದಕ್ಕ ನನ್ನ ಕರಿಸಿದ್ರಿ. ಆಕಿ ಅಪ್ಪಗ ಆ ಹಾಳಿ ಕೇಳಬೇಕು ಅಂತ ಗೊತ್ತಿರಲಿಲ್ಲ, ಅಷ್ಟ. ಇಬ್ರೂ ಒಂದ ಕ್ವಾಣ್ಯಾಗ ಇದ್ದವರು, ಒಂದ ತಪ್ಪು ಮಾಡಿದವರು. ಒಬ್ಬಾಕಿನ್ನ ಕೇಳಿ ಶಿಕ್ಷಾ ಕೊಡ್ತೀರಿ, ಇನ್ನೊಬ್ಬಾಕಿನ್ನ ಕೇಳದ ರೈಲಿಗೆ ಹತ್ತಸ್ತೀರಿ. ಆಕಿ ಅಪ್ಪ ಬರಾಕ ಆಗೂದಿಲ್ಲ ಅಂದ್ರ ನಾ ಕುಂದರ್ತೀನಿ ಅಪ್ಪನ ಜಾಗಾದಾಗ. ಕರೀರಿ ಆಕಿನ್ನ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನನ್ನ ದನಿ ನಡುಗುತ್ತಿತ್ತು. ಪ್ರಾಂಶುಪಾಲರು ಕನ್ನಡ ಬಲ್ಲವರಲ್ಲ. ಪೂರ್ತಿ ಕೇಳಿಸಿಕೊಂಡರು. ಒಂದು ಕ್ಷಣ ಸಿಸ್ಟರ್ ಮುಖ ನೋಡಿದರು. "ಕರೆಯಿರಿ" ಎಂದರು.

ಹುಡುಗಿ ಬಂದಳು. ಕಾಕಾ ಪಕ್ಕದ ಕುರ್ಚಿ ತೋರಿಸಿದ, ಕೂತಳು. ಸಂಜೆ ಎಲ್ಲಿಗೆ ಹೋಗುತ್ತಿದ್ದೆ ಎಂದು ಅವಳನ್ನು ಕೇಳಿದ್ದು ಅದೇ ಮೊದಲ ಸಲ. ಒಂದು ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. 2011ರಲ್ಲಿ ಮಣಿಪುರದಲ್ಲಿ ಸದರ್ ಹಿಲ್ಸ್ ಜಿಲ್ಲೆಯ ಬೇಡಿಕೆಗೆ ಹೆದ್ದಾರಿ ತಡೆದರು, ಅದಕ್ಕೆ ಎದುರಾಗಿ ಇನ್ನೊಂದು ತಡೆ ಎದ್ದಿತು. ಆಗಸ್ಟಿನಿಂದ ನೂರು ದಿನಕ್ಕೂ ಮೀರಿ ಲಾರಿಗಳು ಓಡಲಿಲ್ಲ. ಅಡುಗೆ ಅನಿಲ, ಪೆಟ್ರೋಲಿನ ಬೆಲೆ ಮುಗಿಲಿಗೇರಿತು. ಅವಳಪ್ಪನದು ಸಣ್ಣ ವ್ಯಾಪಾರ, ಅದು ಮುಳುಗಿತು. ಊಟದ ಬಾಕಿ ಕಟ್ಟಲು ಮನೆಯಿಂದ ದುಡ್ಡು ಬರಲಿಲ್ಲ, ಅವಳು ಕೆಲಸಕ್ಕೆ ಸೇರಿದಳು.

ಅಧ್ಯಾಪಕರೊಬ್ಬರು ಬಹಳ ನೊಂದು, ಬಡ ಮಕ್ಕಳಿಗೆಂದೇ ಕಾಲೇಜಿನಲ್ಲಿ ನಿಧಿ ಇದೆ, ನಮ್ಮ ಹತ್ತಿರ ಯಾಕೆ ಬರಲಿಲ್ಲ ಎಂದು ಕೇಳಿದರು. ಹುಡುಗಿ ಮೇಜಿನ ಮೇಲಿದ್ದ ಕೈಪಿಡಿ ನೋಡಿ ಹೇಳಿದಳು: ಹೊರಗೆ ಕೆಲಸ ಮಾಡಿದರೆ ತೆಗೆದುಹಾಕುತ್ತೇವೆ ಎಂದು ಇದರಲ್ಲಿದೆ; ಕೆಲಸ ಮಾಡುತ್ತಿದ್ದೇನೆ ಎಂದು ಬಂದು ಹೇಳುವುದು ಹೇಗೆ?

ಅಂದಿನಿಂದ ಯಾವ ನಿಯಮದ ಪುಸ್ತಕ ಕೈಗೆ ಬಂದರೂ ನಾನು ಈ ಮಾತನ್ನು ಎದುರಿಗಿಟ್ಟುಕೊಂಡು ಓದುತ್ತೇನೆ. ಗೇಟಿಗೆ ಹೊತ್ತು ಬೇಕು, ಹಾಜರಾತಿ ಬೇಕು, ಕುಡಿತಕ್ಕೆ ತಡೆ ಬೇಕು. ಮಠದ ನಿಲಯವಾಗಲಿ, ಪಾದ್ರಿಗಳ ಹಾಸ್ಟೆಲಾಗಲಿ, ನೂರಾರು ಮಕ್ಕಳು ಒಂದೆಡೆ ಬೆಳೆಯುವ ಜಾಗದಲ್ಲಿ ಇವಿಲ್ಲದೆ ನಡೆಯದು. ಆದರೆ ಸಹಾಯ ಕೇಳಬೇಕಾದ ಮಗುವಿನ ಬಾಯಿ ಕಟ್ಟುವ ಕಲಮನ್ನು ಬರೆದವರು ಆ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿಲ್ಲ. ಕೇಳದೆ ಶಿಕ್ಷೆ ಕೊಡಬಾರದು ಎಂಬುದನ್ನು ನ್ಯಾಯಾಲಯಗಳು ಸಹಜ ನ್ಯಾಯ ಎನ್ನುತ್ತವೆ. ಏಳನೆಯ ತನಕ ಓದಿದ ಕಾಕಾನಿಗೆ ಅದನ್ನು ಕಲಿಸಿದ್ದು ಉಂಡ ಮೇಲೆ ವಿಚಾರಿಸಿದ ಒಬ್ಬ ಮಾಸ್ತರರು.

ಪ್ರಾಂಶುಪಾಲರ ದೊಡ್ಡತನ ಹೇಳಬೇಕು. ವರ್ಗಾವಣೆ ಪತ್ರವನ್ನು ಅಲ್ಲೇ ಹರಿದರು. ಅವಳಿಗೂ ತಂಗಿಗೆ ಕೊಟ್ಟಷ್ಟೇ ಶಿಕ್ಷೆ, ಊಟದ ಬಾಕಿ ನಿಧಿಯಿಂದ. "ಎರಡು ವಾರ ಈ ಮಗು ಎಲ್ಲಿರಬೇಕು?" ಎಂದು ಸಿಸ್ಟರ್ ಕೇಳಿದಾಗ ಕಾಕಾ ನನ್ನ ಅನುವಾದಕ್ಕೂ ಕಾಯದೆ ಎದ್ದು ನಿಂತು, "ಎರಡು ಟಿಕೀಟಿನ ಬದಲಿ ಮೂರು ತಗೊಂತೀವಿ" ಅಂದ. ಲೆಕ್ಕದಲ್ಲಿ ನನ್ನನ್ನು ಮರೆತಿದ್ದ. ಅವಳಪ್ಪನಿಗೆ ಕಾಲೇಜಿನಿಂದಲೇ ಫೋನು ಮಾಡಿ ಒಪ್ಪಿಗೆ ಪಡೆದರು. ಆ ಅಪ್ಪ ಅರ್ಧ ಇಂಗ್ಲಿಷಿನಲ್ಲಿ ನನ್ನೊಡನೆ ಮಾತಾಡಿ, ಕೊನೆಗೆ ಫೋನು ಕಾಕಾನಿಗೆ ಕೊಡಿ ಎಂದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಬಹಳ ಹೊತ್ತು ಮಾತಾಡಿದರು.

ಅದು ಸೀತನಿಯ ಕಾಲ. ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಕಾಳು ಉದುರಿಸಿ ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿನ್ನುವ ದಿನಗಳು. ಹುಡುಗಿ ಕೈ ಸುಟ್ಟುಕೊಂಡು ತೆನೆ ತಿಕ್ಕುವುದು ಕಲಿತಳು. ಚಿಗವ್ವ ರೊಟ್ಟಿ ಬಡಿಯುವುದು ಕಲಿಸಿದಳು. ಅದು ಅಷ್ಟು ಬೇಗ ಬರುವ ವಿದ್ಯೆಯಲ್ಲ. ಹೋಗುವಷ್ಟರಲ್ಲಿ ಅವಳು ಓಣಿಯವರಿಗೆಲ್ಲ "ಊಟಾತೇನ್ರಿ" ಎಂದು ಕೇಳುತ್ತಿದ್ದಳು.

ಮೊದಲ ಐತವಾರ ಅವಳ ಮುಖ ಸಪ್ಪಗಿತ್ತು. ಮನೆಯಲ್ಲಿ ಬ್ಯಾಪ್ಟಿಸ್ಟರು, ಚರ್ಚಿಗೆ ತಪ್ಪಿಸಿದವಳಲ್ಲ. ಕಾಕಾ ಧೋತರ ಉಟ್ಟು, ಪಟಗ ಸುತ್ತಿ, ಅವಳನ್ನೂ ತಂಗಿಯನ್ನೂ ಕರೆದುಕೊಂಡು ಬೆಟಗೇರಿಯ ಬಸ್ಸು ಹತ್ತಿದ. ಚರ್ಚಿನ ಹೊರಗೆ ಕೂರುತ್ತೇನೆ ಅಂದವನನ್ನು ಅಲ್ಲಿಯ ಹಿರಿಯರು ಒಳಗೆ ಕರೆದು ಕೂರಿಸಿದರಂತೆ. ಎಲ್ಲ ಕನ್ನಡದಲ್ಲೇ ನಡೆಯಿತು. ಹುಡುಗಿಗೆ ಮಾತು ತಿಳಿಯಲಿಲ್ಲ, ಪೂಜೆ ತಿಳಿಯಿತು. ಕಾಕಾನಿಗೆ ಮಾತು ತಿಳಿಯಿತು, ಪೂಜೆ ಹೊಸದು. ವಾಪಸು ಬಂದು, "ಛಲೋ ಹಾಡ್ತಾರ" ಅಂದ. ಮುಂದಿನ ಐತವಾರವೂ ಹೋದರು.

ಇಬ್ಬರೂ ಓದು ಮುಗಿಸಿದರು. ತಂಗಿ ಈಗ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಾಳೆ, ಅವಳ ತರಗತಿಗೆ ತಡವಾಗಿ ಬಂದವರನ್ನು ಅವಳು ಮೊದಲು ಯಾಕೆ ಎಂದು ಕೇಳುತ್ತಾಳೆ. ಅವಳ ಗೆಳತಿ ತನ್ನ ಊರಿನಲ್ಲಿದ್ದಾಳೆ.

ಆ ಮುದ್ರಿತ ಕಲಮು? ಮರುವರ್ಷದ ಕೈಪಿಡಿ ತರಿಸಿ ನೋಡಿದೆ, ಇದ್ದ ಹಾಗೆಯೇ ಇತ್ತು. ಒಬ್ಬ ಪ್ರಾಂಶುಪಾಲರು ಒಂದು ಮಧ್ಯಾಹ್ನ ಮಾಡಿದ ನ್ಯಾಯ ಅಚ್ಚಿನ ತನಕ ಹೋಗಿರಲಿಲ್ಲ. ಇದನ್ನು ಈಗ ಹೇಳಲು ಕಾರಣವಿದೆ. ನಮ್ಮ ನಾಡಿನ ಹಳೆಯ ಕ್ರೈಸ್ತ ಕಾಲೇಜುಗಳು ಒಂದೊಂದಾಗಿ ವಿಶ್ವವಿದ್ಯಾಲಯಗಳಾಗುತ್ತಿವೆ. 1969ರಲ್ಲಿ ಶುರುವಾದ ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ, 1882ರ ಸೇಂಟ್ ಜೋಸೆಫ್ 2022ರಲ್ಲಿ, 1880ರ ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಆ ಹೆಸರು ಪಡೆದವು. ಸಂತೋಷದ ಮಾತು. ನಮ್ಮ ಕೊಪ್ಪಳ ಜಿಲ್ಲೆಯಿಂದ ಇಂಥ ಕಡೆ ಹೋಗುವ ಮಕ್ಕಳು ವರ್ಷ ವರ್ಷವೂ ಹೆಚ್ಚುತ್ತಿದ್ದಾರೆ. ಆದರೆ ಕಾಲೇಜಾಗಿದ್ದಾಗ ಮೇಲೊಂದು ವಿಶ್ವವಿದ್ಯಾಲಯ ಇರುತ್ತಿತ್ತು, ಅಲ್ಲಿಗೆ ಅರ್ಜಿ ಹಾಕಬಹುದಿತ್ತು. ವಿಶ್ವವಿದ್ಯಾಲಯವೇ ಆದ ಮೇಲೆ ನಿಯಮ ಬರೆಯುವವರೂ ಅವರೇ, ತಪ್ಪು ಒಪ್ಪು ನೋಡುವವರೂ ಅವರೇ. ಅದು ಕ್ರೈಸ್ತ ಸಂಸ್ಥೆಗೆ ಎಷ್ಟು ನಿಜವೋ ಬೇರೆಯವರು ನಡೆಸುವ ಖಾಸಗಿ ವಿಶ್ವವಿದ್ಯಾಲಯಕ್ಕೂ ಅಷ್ಟೇ ನಿಜ. ಅದಕ್ಕೇ ಯುಜಿಸಿ 2023ರಲ್ಲಿ ತಂದ ವಿದ್ಯಾರ್ಥಿಗಳ ಕುಂದುಕೊರತೆ ನಿಯಮ ಮುಖ್ಯ. ಪ್ರತಿ ಸಂಸ್ಥೆಯಲ್ಲೂ ಅಹವಾಲು ಕೇಳುವ ಸಮಿತಿ ಇರಬೇಕು, ಅದರಲ್ಲಿ ವಿದ್ಯಾರ್ಥಿಯೂ ಇರಬೇಕು, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಪ್ರವೇಶಕ್ಕೆ ಹೋದ ಪೋಷಕರು ಆ ಸಮಿತಿಯಲ್ಲಿ ಯಾರಿದ್ದಾರೆ, ಓಂಬುಡ್ಸ್‌ಪರ್ಸನ್ ಯಾರು ಎಂದು ಕೇಳಿ ಬರೆದುಕೊಳ್ಳಲಿ. ಕೇಳಿದರೆ ಯಾರೂ ಪ್ರವೇಶ ಕಿತ್ತುಕೊಳ್ಳುವುದಿಲ್ಲ.

ಜೂನ್ ಬಂತೆಂದರೆ ನಮ್ಮ ಮನೆಯ ಕಟ್ಟೆಗೆ ಜನ ಬರುತ್ತಾರೆ. ಕುಷ್ಟಗಿ, ಹನುಮಸಾಗರ, ತಾವರಗೇರಾ ಕಡೆಯವರು. ಕೈಯಲ್ಲಿ ಇಂಥದೇ ರಟ್ಟಿನ ಪುಸ್ತಕ, ಇಲ್ಲವೆ ಮೊಬೈಲಿನಲ್ಲಿ ಬಂದ ಪುಟಗಳು. ನಾನು ಓದಿ ಹೇಳುತ್ತೇನೆ. ಮೊದಲ ಪುಟದಿಂದ ಶುರುಮಾಡುವುದಿಲ್ಲ. ಶಿಕ್ಷೆಯ ಪುಟ ತೆಗೆದು, ಕೇಳುವುದು ಯಾರು, ಯಾವಾಗ ಎಂಬುದು ಬರೆದಿದೆಯೇ ಎಂದು ಮೊದಲು ನೋಡುತ್ತೇನೆ.